ಎರಡನೇ ದಿನ

ಶ್ರೀ

ಬಸವೇಶ್ವರನಗರ,
೯ ಡಿಸೆಂಬರ್ ೨೦೨೪

ಚಿ. ಮೇಧಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೆಸೇಜಿಗೆ ಉತ್ತರ ಬರೆಯುವುದು ಎರಡು ವಾರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮೆಟ್ರೋದಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಕಾಗದ ಬರೆಯುವ ಮುದುಕಿ ಈ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಹೆತ್ತ ಮಗಳು ಫೋನ್ ಎತ್ತುವುದಿಲ್ಲ. ಕೆಂಗೇರಿಗೇ ಬರೋಣವೆಂದರೆ ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಮುಂದೆ ನಿಂತು, ಒಳಗೆ ಬಿಡಪ್ಪಾ ಎಂದು ಬೇಡಬೇಕು. ಅಷ್ಟು ಬಗ್ಗಲು ನನ್ನ ಮಂಡಿಯೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ನನ್ನ ಬಿ.ಪಿ. ಹತೋಟಿಯಲ್ಲಿದೆ. ನಿನ್ನ ಅಣ್ಣ ಸುಧೀಂದ್ರ ಆಫೀಸಿಗೆ ಹೋಗಿ ಬರುತ್ತಾನೆ, ನನ್ನ ಮುಖ ನೋಡದೆ ಊಟ ಮಾಡುತ್ತಾನೆ. ಸೊಸೆ ತನ್ಮಯಿ ನನ್ನ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಾಳೆ. ಅವರ ಮಗಳು ಅಪೂರ್ವ ಹದಿನೇಳು ದಿನದಿಂದ ನಿನ್ನ ಮನೆಯಲ್ಲಿದ್ದಾಳೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಕೆಂಗೇರಿಯಿಂದ ರಾಜಾಜಿನಗರದ ಸ್ಕೂಲಿಗೆ ದಿನಾ ಓಡಾಡುತ್ತಿದೆಯಂತೆ. "ಅಜ್ಜಿ ಒಂದೇ ಒಂದ್ಸಲ ಸಾರಿ ಅಂದ್ರೆ ಸಾಕು, ಅವಳು ವಾಪಸ್ ಬರ್ತಾಳೆ" ಎಂದು ಬರೆದಿದ್ದೀಯ. ಹೇಳುವುದಿಲ್ಲ ಕಣೇ. ಮೊದಲೇ ತಿಳಿಸಿಬಿಟ್ಟಿದ್ದೇನೆ, ಮುಂದಕ್ಕೆ ಓದುವುದು ಬಿಡುವುದು ನಿನ್ನ ಇಷ್ಟ.

ಅವಳ ಬಾಯಿಂದ ಎಲ್ಲವನ್ನೂ ಕೇಳಿದ್ದೀಯ, ನನ್ನ ಬಾಯಿಂದಲೂ ಕೇಳು. ಅಂದು ನಿಮ್ಮಪ್ಪನ ಶ್ರಾದ್ಧ. ಬೆಳಗಿನಿಂದ ಒದ್ದೆ ಸೀರೆಯಲ್ಲಿ, ಹನಿ ನೀರು ಕುಡಿಯದೆ ಮಡಿಯಲ್ಲಿ ಅಡುಗೆ ಮಾಡಿದ್ದೆ. ಮಧ್ವೇಶಾಚಾರ್ಯರು ಬಂದಾಗಿತ್ತು, ಎಲೆ ಹಾಕುವ ಹೊತ್ತು. ಅಪೂರ್ವ ನನ್ನ ಪಕ್ಕ ನಿಂತು ವಡೆಯ ಪಾತ್ರೆ ಎತ್ತಿಕೊಡುತ್ತಿದ್ದಳು. ಅವಳು ಹೊಟ್ಟೆ ಒತ್ತಿಕೊಂಡ ರೀತಿಯಲ್ಲೇ ನನಗೆ ಅನುಮಾನ ಬಂತು. ಮೂವತ್ತು ವರ್ಷ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು.

"ಏನೇ, ಮುಟ್ಟಾಗಿದೀಯಾ?" ಎಂದೆ.

ಸುಳ್ಳು ಹೇಳಬಹುದಿತ್ತು. "ಹೌದಜ್ಜಿ, ಇವತ್ತು ಎರಡನೇ ದಿನ. ತಾತನ ಕೆಲಸ ಅಲ್ವಾ, ನಾನೂ ಏನಾದ್ರೂ ಮಾಡ್ಬೇಕು ಅನ್ನಿಸ್ತು. ಅದ್ರಲ್ಲೇನಿದೆ?" ಎಂದಳು.

ಏನಿದೆ ಎಂದು ತೋರಿಸಿದೆ. ಅನ್ನ, ಹುಳಿ, ಪಾಯಸ, ವಡೆ ಎಲ್ಲವನ್ನೂ ಅವಳೆದುರೇ ಮೋರಿಗೆ ಸುರಿದೆ. ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಕಾರು ತೊಳೆಯುವ ನಲ್ಲಿಯ ಬಳಿ ನಿಲ್ಲಿಸಿ, ಉಟ್ಟ ಬಟ್ಟೆಯ ಮೇಲೆ ಮೂರು ಬಕೆಟ್ ತಣ್ಣೀರು ಹೊಯ್ದೆ. ಎದುರು ಮನೆಯವರು ಬಾಲ್ಕನಿಗೆ ಬಂದರು. ಅವರಿಗೂ ಕೇಳಿಸಲಿ ಎಂದೇ, "ಮುಟ್ಟಾಗಿ ತಾತನ ಎಲೆ ಕೆಡಿಸಿದೀಯಲ್ಲೇ, ನಾಚ್ಕೆ ಆಗಲ್ವಾ?" ಎಂದು ಕೂಗಿದೆ. ಅವಳ ಕಾಲ ಬಳಿ ನೀರು ಕೆಂಪಗೆ ಹರಿಯಿತು. ನಾನು ನೋಡಿದೆ, ಬಾಲ್ಕನಿಯವರೂ ನೋಡಿದರು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಮೂರನೇ ಬಕೆಟ್ ಹೊಯ್ಯುತ್ತಿರಲಿಲ್ಲವೇನೋ.

ಆಚಾರ್ಯರೇ ಎದ್ದು ಬಂದು, "ಬಿಡೀಮ್ಮ, ಮಗು ಅದು. ಇದಕ್ಕೆಲ್ಲ ಪ್ರಾಯಶ್ಚಿತ್ತ ಇದೆ. ಕಾಲ ಬದಲಾಗಿದೆ" ಎಂದರು. ಅವರಿಗೆ ಅಂದು ಇನ್ನೂ ಎರಡು ಮನೆಯ ಕೆಲಸವಿತ್ತು, ಹಾಗಾಗಿ ಕಾಲ ಬೇಗ ಬದಲಾಯಿತು. ನಾನು ಮತ್ತೆ ಸ್ನಾನ ಮಾಡಿ, ಮತ್ತೆ ಒಲೆ ಹಚ್ಚಿ, ಮತ್ತೆ ಎಲ್ಲವನ್ನೂ ಮಾಡಿದೆ. ಎಲೆ ಹಾಕುವಾಗ ನಾಲ್ಕು ಗಂಟೆ. ಅಷ್ಟರಲ್ಲಿ ಅವಳು ಬ್ಯಾಗು ಹಾಕಿಕೊಂಡು ನಿನ್ನಲ್ಲಿಗೆ ಹೊರಟುಹೋಗಿದ್ದಳು.

ತನ್ಮಯಿಯ ತಾಯಿಯ ಉದಾಹರಣೆ ಕೊಟ್ಟಿದ್ದೀಯ. ಆರ್‌ಪಿಸಿ ಲೇಔಟಿನಲ್ಲಿರುವ ಆಕೆಗೂ ನನ್ನದೇ ವಯಸ್ಸು, ಅದೇ ಮಠ, ಅದೇ ಏಕಾದಶಿ. ಆ ಮನೆಯಲ್ಲಿ ಈಗ ಮುಟ್ಟು ಮೈಲಿಗೆ ಏನೂ ಇಲ್ಲ. "ಅವರು ನಗ್ತಾ ನಗ್ತಾ ಬಿಟ್ರಲ್ಲಮ್ಮಾ, ನಿನಗ್ಯಾಕೆ ಆಗಲ್ಲ?" ಎಂದು ಕೇಳಿದ್ದೀಯ.

ಆಕೆ ಬಿಟ್ಟದ್ದು ಕಾಫಿಪುಡಿಯ ಅಂಗಡಿ ಬದಲಾಯಿಸಿದ ಹಾಗೆ. ಆ ನೇಮದಿಂದ ಅವರ ಮನೆಯಲ್ಲಿ ಯಾರೂ ಏನನ್ನೂ ಕಳೆದುಕೊಂಡಿರಲಿಲ್ಲ. ನಿನ್ನ ಅಣ್ಣನೂ ಅಷ್ಟೆ. ಹಳೆಯದು ಇದ್ದಾಗ ಬಡಿಸಿದ್ದನ್ನು ಉಂಡ, ಹೊಸದು ಬಂದಾಗಲೂ ಬಡಿಸಿದ್ದನ್ನು ಉಣ್ಣುತ್ತಾನೆ. ಅವನನ್ನು ಎಲ್ಲರೂ ಉದಾರಿ ಎನ್ನುತ್ತಾರೆ. ನನಗೆ ನಗು ಬರುತ್ತದೆ.

ಕೊನೆಗೆ ಹಳೆಯದನ್ನೂ ಕೆದಕಿದ್ದೀಯ. ನಿಮ್ಮಪ್ಪ ಹೋದ ದಿನ ನಿನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದೆ, ಅವರ ಬಾಯಿಗೆ ಒಂದು ಹನಿ ನೀರು ಬಿಡಲೂ ನಿನ್ನನ್ನು ಬಿಡಲಿಲ್ಲ ಎಂದು. ನಿನಗೂ ಅಂದು ಎರಡನೇ ದಿನ, ಏನು ಮಾಡಲಾಗುತ್ತಿತ್ತು? ಇಪ್ಪತ್ತೊಂದು ವರ್ಷದಿಂದ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಅವರಿಗೆ ಪ್ರಜ್ಞೆ ಇರಲಿಲ್ಲ. ಯಾರು ಹತ್ತಿರ ಬಂದರು, ಯಾರು ಬರಲಿಲ್ಲ ಎಂದು ಅವರಿಗೆ ತಿಳಿಯಲೇ ಇಲ್ಲ. ಇಲ್ಲದ ನಷ್ಟವನ್ನು ನಲವತ್ತರ ಹತ್ತಿರ ಬಂದರೂ ಸಾಕಿಕೊಂಡಿದ್ದೀಯಲ್ಲ, ಅದು ನಿನ್ನ ಹಟ. ಹಟ ನನ್ನೊಬ್ಬಳದೇ ಅಲ್ಲ.

ಅಪೂರ್ವಳಿಗೆ ಗಣಿತ ಕಷ್ಟ, ಜ್ಯಾಮಿತಿಯನ್ನು ಬರೆದು ಬರೆದು ಕಲಿಯಲಿ, ಬರೀ ಓದಿದರೆ ಹತ್ತುವುದಿಲ್ಲ. ಮೊಸರು ಸೇರುವುದಿಲ್ಲ ಎನ್ನುತ್ತಾಳೆ, ಒಗ್ಗರಣೆ ಹಾಕಿಕೊಟ್ಟರೆ ತಿನ್ನುತ್ತಾಳೆ. ರಾಯರು ನಿಮ್ಮಿಬ್ಬರ ತಲೆ ಕಾಯಲಿ, ನನ್ನ ಆಯುಸ್ಸಿನಲ್ಲಿ ಉಳಿದದ್ದು ಆ ಹುಡುಗಿಗೆ ಸೇರಲಿ.

ಇಂತಿ ನಿನ್ನ ಅಮ್ಮ,
ಜಲಜಾ

ಮತ್ತೆ ಬರೆದದ್ದು: ಅಂಟಿಸಿದ ಕವರನ್ನು ಹರಿದು ತೆಗೆದಿದ್ದೇನೆ. ಅವರಿಗೆ ಪ್ರಜ್ಞೆ ಇತ್ತು, ಮೇಧಾ.

ಸುಧೀಂದ್ರ ಡಾಕ್ಟರನ್ನು ಕರೆತರಲು ಹೋಗಿದ್ದ. ಹಾಲ್‌ನಲ್ಲಿ ಅವರು, ನಾನು ಇಬ್ಬರೇ. "ಮೇಧಾ ಎಲ್ಲೇ?" ಎಂದು ನಾಲ್ಕು ಸಲ ಕೇಳಿದರು. ನೀನು ಹತ್ತು ಹೆಜ್ಜೆ ದೂರದಲ್ಲಿ, ಮುಚ್ಚಿದ ಬಾಗಿಲ ಹಿಂದೆ ಇದ್ದೆ. ಆ ಸ್ಥಿತಿಯಲ್ಲಿ ನಿನ್ನ ಕೈ ತಾಗಿದರೆ ಅವರಿಗೆ ಸದ್ಗತಿ ತಪ್ಪುತ್ತದೆ ಎಂದು ನಾನು ನಂಬಿದ್ದೆ. ಮುಟ್ಟಾಗಿದ್ದಾಳೆ ಎಂದರೆ "ಪರ್ವಾಗಿಲ್ಲ, ಕರಿ" ಎನ್ನುತ್ತಾರೆ ಎಂಬುದೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. "ಕಾಲೇಜಿಂದ ಟೂರ್ ಹೋಗಿದಾಳಲ್ಲಾ, ಹೊರಟಿದಾಳಂತೆ, ಬರ್ತಾ ಇದಾಳೆ" ಎಂದೆ. ಅವರ ದನಿ ನಿನಗೆ ಕೇಳಿಸದಿರಲಿ ಎಂದು ಟೇಪ್‌ರೆಕಾರ್ಡರಿನಲ್ಲಿ ವಿಷ್ಣು ಸಹಸ್ರನಾಮವನ್ನು ಜೋರು ಮಾಡಿದೆ.

ಈಗ ಅಪೂರ್ವಳದೇ ಸರಿ ಎಂದು ಒಪ್ಪಿಕೊಂಡರೆ ಅಂದು ನಾನು ಮಾಡಿದ್ದಕ್ಕೆ ಏನೆಂದು ಹೆಸರಿಡಲಿ? ಅವಳ ಕ್ಷಮೆ ಕೇಳಬೇಕಾದರೆ ಮೊದಲು ನಿನ್ನದು ಕೇಳಬೇಕು. ಕೇಳುವ ಮುಖ ನನಗಿಲ್ಲ.

ಕೊನೆಯಲ್ಲಿ ಅವರು, "ಮಗು ಬರೋದು ಕಾಣ್ಬೇಕು, ಗೇಟ್ ಕಡೆ ತಿರುಗ್ಸಿ ನನ್ನ ಮಲಗ್ಸೇ" ಎಂದರು. ತಿರುಗಿಸಿ ಮಲಗಿಸಿದೆ. ನೀನಿದ್ದ ಕೋಣೆ ಅವರ ಬೆನ್ನ ಹಿಂದೆ ಆಯಿತು. ಉಸಿರು ನಿಲ್ಲುವವರೆಗೂ ಅವರು ಗೇಟನ್ನೇ ನೋಡುತ್ತಿದ್ದರು.