ಬಿರುಕಿನ ಮೇಲಿನ ಗಾಜು

ವಿಜಯಪುರ, ಶುಕ್ರವಾರ

ಇಂಜಿನಿಯರ್ ಫರ್ಹಾ ಮೇಡಂ ಅವರಿಗೆ, ಹಳೇ ಛತ್ರದ ಕಾವಲುಗಾರ ಮುನಿವೆಂಕಟಪ್ಪನ ನಮಸ್ಕಾರ.

ಗೋಡೆಯ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು, “ಗೋಡೆ ಅಲ್ಲಾಡಿದ್ರೆ ಇದು ಒಡೆಯುತ್ತೆ, ತಕ್ಷಣ ಫೋನ್ ಮಾಡಿ ತಾತ” ಎಂದಿದ್ದಿರಿ. ಭೂಮಿ ನಡುಗಿದ ದಿನವೇ ಅದು ಒಡೆಯಿತು. ಆ ವಾರವೇ ಮೊಮ್ಮಗಳು ಸಿಂಚನಳ ನಿಶ್ಚಿತಾರ್ಥವನ್ನು ಛತ್ರದಲ್ಲಿ ಇಟ್ಟುಕೊಂಡಿದ್ದೆವು. ನೀವು ಬೀಗ ಹಾಕಿಸುತ್ತೀರೆಂದು ಹೆದರಿ ಬೇರೆ ಗಾಜು ಅಂಟಿಸಿದೆ. ಹಳೇ ತಾರೀಖನ್ನೂ ನಿಮ್ಮ ಅಕ್ಷರದ ಹಾಗೆಯೇ ಬರೆದೆ.

ನೀವು ಬಂದು ನೋಡಿ, “ಅಲ್ಲಾಡಿಲ್ಲ ತಾತ, ಗೋಡೆ ಬಿಗಿಯೋ ಕಬ್ಬಿಣದ ಪಟ್ಟಿ ಮುಂದಿನ ವರ್ಷ ಕಟ್ಟಿಸೋಣ” ಎಂದಿರಿ. ನಾನು ಕಾಫಿ ತಂದುಕೊಟ್ಟೆ.

ನಿಮ್ಮ ಮಾತು ನಂಬಿ, ಒಂದನೇ ತಾರೀಖಿನಿಂದ ಅಂಗನವಾಡಿ ಮಕ್ಕಳನ್ನು ಛತ್ರದಲ್ಲಿ ಕೂರಿಸುತ್ತಾರಂತೆ. ಬೀಗ ಹಾಕಿ, ಬೀಗದಕೈ ಕಳೆದಿದೆ ಎಂದು ಇನ್ನೊಂದು ಸುಳ್ಳು ಹೇಳಿದ್ದೇನೆ. ಬೇಗ ಬನ್ನಿ. ಬಂದಾಗ ಗಾಜು ನೋಡಬೇಡಿ, ಗೋಡೆ ನೋಡಿ.

ಇಂತಿ,
ನೀವು ನಂಬಿದ್ದ
ಮುನಿವೆಂಕಟಪ್ಪ