ಕೆಲಸವಿಲ್ಲದ ಬಿಲ್ಲೆ

ನವೆಂಬರ್ ೧೧, ಮಂಗಳವಾರ

ಪ್ರೀತಿಯ ಕಿರಿಮಗಳಿಗೆ,

ನಿನ್ನ ತಂದೆಯ ಹಾರೈಕೆಗಳು. ಇಲ್ಲಿ ಎಲ್ಲರೂ ಕ್ಷೇಮವಾಗಿದ್ದೇವೆ. ನಿನ್ನ ಪತ್ರವೂ, ಅದರೊಡನೆ ತಿದ್ದಿಕೊಡಲು ಕಳುಹಿಸಿದ ಮೇಲ್ಮನವಿಯ ಕರಡೂ ಬಂದು ಇಂದಿಗೆ ಹದಿನೆಂಟು ದಿನಗಳಾದವು. ಒಂದು ದಿನ ತಡವಾಗಿ ಬಂದ ಪ್ರಬಂಧವನ್ನು ಓದದೆ ಹಿಂದಿರುಗಿಸುತ್ತಿದ್ದವನಿಗೆ ಕ್ಷಮೆ ಕೇಳುವ ಅಭ್ಯಾಸ ಕಡಿಮೆ, ಆದರೂ ಕೇಳುತ್ತಿದ್ದೇನೆ. ಮೇಲ್ಮನವಿಯು ಈ ತಿಂಗಳ ಇಪ್ಪತ್ತರೊಳಗೆ ಆಡಳಿತ ಮಂಡಳಿಯನ್ನು ತಲುಪಬೇಕೆಂದೂ, ತಲುಪದಿದ್ದರೆ ನಿನ್ನನ್ನು ವಜಾ ಮಾಡಿದ್ದು ಕಾಯಂ ಆಗಿ ಬೇರಾವ ಕಾರ್ಖಾನೆಯೂ ನಿನ್ನನ್ನು ನಕ್ಷೆಯ ಮೇಜಿನ ಹತ್ತಿರ ಸೇರಿಸುವುದಿಲ್ಲವೆಂದೂ ನೀನು ಬರೆದಿದ್ದೆ. ಅದನ್ನು ಮರೆತು ತಡಮಾಡಿದವನಲ್ಲ. ನೆನಪಿಟ್ಟುಕೊಂಡೇ ತಡಮಾಡಿದೆ.

ನಿನ್ನ ಅಮ್ಮನ ಮಂಡಿನೋವು ಹಾಗೆಯೇ ಇದೆ. ನಿನ್ನ ಅಣ್ಣನ ಇಬ್ಬರು ಮಕ್ಕಳು ನನ್ನ ಓದುವ ಮೇಜನ್ನು ಕಿರಾಣಿ ಅಂಗಡಿ ಮಾಡಿಕೊಂಡಿದ್ದಾರೆ. ನಾನು ಗಿರಾಕಿಯಾಗಿ ಸಾಲಿನಲ್ಲಿ ನಿಂತರಷ್ಟೇ ನನ್ನ ಕನ್ನಡಕ ನನಗೆ ಸಿಗುತ್ತದೆ. ಅತ್ತಿಗೆ ನಿನ್ನ ಕೋಣೆಯಲ್ಲಿ ಒಲೆ ಇದೆಯೇ, ನೀರು ಬರುತ್ತದೆಯೇ ಎಂದು ಕೇಳಿದ್ದಾಳೆ. ನೀನು ಬಂದು ನಾಲ್ಕು ದಿನ ಇದ್ದು ಹೋಗಬಾರದೇ ಎಂದು ಅಣ್ಣನೂ ಹೇಳಿದ.

ಕರಡನ್ನು ಓದಿದೆ. ಭಾಷೆಯ ತಪ್ಪು ಒಂದೇ: ‘ಅನಾನುಕೂಲ’ ಎಂದು ಬರೆದಿರುವೆ, ‘ಅನನುಕೂಲ’ ಎಂಬುದೇ ಸರಿಯಾದ ರೂಪ. ಆದರೆ ವಿಷಯದಲ್ಲಿ ದೊಡ್ಡ ಲೋಪವಿದೆ. ಆ ಮೂರು ಪುಟಗಳಲ್ಲಿ ನಾನು ಎಲ್ಲಿಯೂ ಇಲ್ಲ.

ಆ ಭಾನುವಾರದ ಮಾತನ್ನು ನಾವಿಬ್ಬರೂ ಈವರೆಗೆ ಯಾವ ಪತ್ರದಲ್ಲಿಯೂ ಎತ್ತಿಲ್ಲ. ಇಂದು ಎತ್ತುತ್ತೇನೆ. ನೀನು ಶಾಲೆಯ ಮೇಜಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ್ದೆ. ಇಬ್ಬರು ಮಕ್ಕಳು ಕೂರುವ, ಎದ್ದರೆ ಆಸನ ತಾನಾಗಿ ಹಿಂದಕ್ಕೆ ಮಡಚಿಕೊಳ್ಳುವ ಹಳೆಯ ಮಾದರಿ. ಅದರ ಮೂವತ್ತೊಂದು ಬಿಡಿಭಾಗಗಳನ್ನು ನೀನು ಹದಿನೈದಕ್ಕೆ ಇಳಿಸಿದ್ದೆ. ಎರಡು ಕೊಳವೆಗಳನ್ನು ಬೆಸೆಯುತ್ತಿದ್ದ ಕಡೆ ಒಂದನ್ನೇ ಬಗ್ಗಿಸಿದ್ದೆ. ಐದು ಬಗೆಯ ತಿರುಪುಗಳು ಹೋಗಿ ಒಂದೇ ಬಗೆ ಉಳಿದಿತ್ತು. ಎಡಕ್ಕೊಂದು ಬಲಕ್ಕೊಂದು ಎಂದಿದ್ದ ಕೀಲುಗಳು ಎರಡೂ ಕಡೆಗೆ ಹೊಂದುವಂತಾಗಿದ್ದವು; ಜೋಡಿಸುವವರು ತಿರುಗಿಸಿ ನೋಡುವ ಕೆಲಸವಿಲ್ಲ. ಮೇಜು ಬೇಗ ತಯಾರಾಗುತ್ತದೆ, ಅಗ್ಗವಾಗುತ್ತದೆ, ನೆಲದ ಮೇಲೆ ಕೂತು ಬರೆಯುವ ಮಕ್ಕಳಿಗೂ ಒಂದು ಮೇಜು ಸಿಗುತ್ತದೆ ಎಂದೆ. ಕಾರ್ಖಾನೆಯಲ್ಲಿ ನಿನ್ನನ್ನು ‘ಕತ್ತರಿ ಮೇಡಂ’ ಎಂದು ಕರೆಯುತ್ತಾರೆಂದು ನಕ್ಕೆ. ನನಗೆ ಹೆಮ್ಮೆಯಾಯಿತು. ಮಕ್ಕಳ ಪ್ರಬಂಧದಲ್ಲಿ ಹೆಚ್ಚಿನ ಮಾತು ಕಿತ್ತುಹಾಕುವ ನನ್ನ ವಿದ್ಯೆಯೇ ನಿನ್ನ ಕೈಗೆ ಬಂದಿದೆ ಎನ್ನಿಸಿತು.

ಕೊನೆಗೆ ಉಳಿದದ್ದು ಆ ರಬ್ಬರ್ ಬಿಲ್ಲೆ. ಆಸನದ ಹಿಂಬದಿಯಲ್ಲಿ, ಎರಡು ತುದಿಗೆ ಒಂದೊಂದು. ಗುಂಡಗೆ, ಬೆರಳಿನಷ್ಟು ದಪ್ಪ. ಅದಕ್ಕಾಗಿ ತೂತು ಕೊರೆಯಬೇಕು, ಕೂರಿಸಬೇಕು, ರಿವೆಟ್ ಹೊಡೆಯಬೇಕು. ಇಡೀ ಮೇಜಿನಲ್ಲಿ ಹೆಚ್ಚು ಹೊತ್ತು ತಿನ್ನುವುದು ಅದೇ ಎಂದು ನಿನ್ನ ಮ್ಯಾನೇಜರ್ ಬೆನ್ನು ಹತ್ತಿದ್ದರು. ನೀನು ಮಾತ್ರ ಹಿಂಜರಿಯುತ್ತಿದ್ದೆ.

“ಅಪ್ಪ, ಇದು ಯಾಕಿದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಹಳೇ ನಕ್ಷೇಲೂ ಬರೆದಿಲ್ಲ. ಗೊತ್ತಿಲ್ಲದೆ ತೆಗೆಯೋಕೆ ನಂಗೆ ಧೈರ್ಯ ಇಲ್ಲ. ಇಷ್ಟು ವರ್ಷ ಈ ಮೇಜುಗಳ ಮುಂದೆ ನಿಂತೋರು ನೀವು, ನಿಮಗೇನಾದ್ರೂ ಗೊತ್ತಾ?”

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಮಡಚುವಾಗ ಸದ್ದಾಗದಿರಲೆಂದು ಹಾಕಿದ್ದು ಎಂದೆ. ಶಿಸ್ತಿರುವ ತರಗತಿಯಲ್ಲಿ ಆಸನ ಸದ್ದು ಮಾಡುವುದಿಲ್ಲ, ಮೂವತ್ತಾರು ವರ್ಷಗಳಲ್ಲಿ ಈ ಬಿಲ್ಲೆ ಒಂದು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ ಎಂದೆ. ನಿನ್ನ ಮುಖದ ಅನುಮಾನ ಹೋಗಲಿಲ್ಲ. ಅದನ್ನು ಕಂಡೇ ನಾನು ಕೆಂಪು ಪೆನ್ನು ತೆಗೆದು ಬಿಲ್ಲೆಯ ಚಿತ್ರದ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ‘ಅನಗತ್ಯ’ ಎಂದು ಬರೆದೆ. ನೀನು ಮತ್ತೆ ಕೇಳಲಿಲ್ಲ. ನಾನು ಕೆಂಪಿನಲ್ಲಿ ಬರೆದದ್ದನ್ನು ಪ್ರಶ್ನಿಸಬಾರದೆಂದು ನಿನಗೆ ಐದನೆಯ ವಯಸ್ಸಿನಿಂದ ಕಲಿಸಿದವನು ನಾನೇ.

ಬಿಲ್ಲೆ ಕೆಲಸ ಮಾಡುತ್ತಿತ್ತು, ಮಗಳೇ. ಮಡಚಿದ ಆಸನಕ್ಕೂ ಕಬ್ಬಿಣದ ಚೌಕಟ್ಟಿಗೂ ನಡುವೆ ಒಂದು ಬೆರಳಿನ ಸಂದನ್ನು ಉಳಿಸುತ್ತಿತ್ತು. ಅಷ್ಟೇ ಅದರ ಕೆಲಸ. ನನ್ನ ತರಗತಿಗಳಲ್ಲಿ ಯಾವ ಮಗುವಿನ ಕೈಗೂ ಏನೂ ಆಗಲಿಲ್ಲ. ಅದು ನನ್ನ ಶಿಸ್ತಿನಿಂದ ಎಂದುಕೊಂಡಿದ್ದೆ. ನಮ್ಮೂರ ಶಾಲೆಗೆ ಹೊಸ ಮೇಜುಗಳು ಬಂದ ಎರಡನೆಯ ತಿಂಗಳಲ್ಲಿ ಮೂರನೆಯ ತರಗತಿಯ ಆ ಹುಡುಗಿ ಹಿಂದಕ್ಕೆ ಬಿದ್ದ ಪೆನ್ಸಿಲ್ಲಿಗಾಗಿ ಅರ್ಧ ಎದ್ದು ಸಂದಿನಲ್ಲಿ ಕೈಹಾಕಿದಳು. ಆಗಲೇ ಪಕ್ಕದವಳೂ ಎದ್ದಳು, ಆಸನ ಮಡಚಿಕೊಂಡಿತು. ಬಲಗೈಯ ಎರಡು ಬೆರಳು ಹೋದವು, ಮೊದಲ ಗೆಣ್ಣಿನವರೆಗೆ.

ನಿನಗೆ ಹೇಳದೆ ಒಂದು ಕೆಲಸ ಮಾಡುತ್ತಿದ್ದೇನೆ. ಎರಡು ವಾರದಿಂದ ದಿನವೂ ಸಂಜೆ ಆ ಮಗುವಿನ ಮನೆಗೆ ಹೋಗುತ್ತಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಬೀದಿ, ಕಿರಿದಾದ ಮೆಟ್ಟಿಲು, ಒಂದೂವರೆ ಕೋಣೆ. ಅವಳ ತಂದೆ ಬಸ್ ಚಾಲಕ. ನನ್ನ ಹಳೆಯ ವಿದ್ಯಾರ್ಥಿ, ಹಿಂದಿನ ಬೆಂಚಿನವನು. ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಾಗ, ಮಗಳಿಗೆ ಎಡಗೈಯಲ್ಲಿ ಬರೆಯುವುದನ್ನು ಕಲಿಸಿಕೊಡಬಹುದೇ ಎಂದು ಅವನೇ ಕೇಳಿದ. ಎಡಗೈಯಲ್ಲಿ ಬರೆಯುತ್ತಿದ್ದ ಮಕ್ಕಳ ಕೈಯನ್ನು ಕರವಸ್ತ್ರದಿಂದ ಕಟ್ಟಿ ಬಲಗೈಗೆ ತಿರುಗಿಸಿದವನು ನಾನು. ಎಡಗೈಗೆ ಅಕ್ಷರ ಕಲಿಸುವ ಬಗೆ ನನಗೆ ಗೊತ್ತಿಲ್ಲ. ಅದನ್ನೂ ಹೇಳಲಿಲ್ಲ. ಒಪ್ಪಿಕೊಂಡೆ.

ಮಗು ಅಳುವುದಿಲ್ಲ. ಗೆರೆ ಹಾಕಿದ ಪುಸ್ತಕದಲ್ಲಿ ಅವಳ ಅಕ್ಷರಗಳು ಗಾಳಿಗೆ ಸಿಕ್ಕ ಬೇಲಿಯಂತೆ ವಾಲುತ್ತವೆ. ಮೊನ್ನೆ ಎಡಗೈಯನ್ನು ತನ್ನ ಮುಖದ ಮುಂದೆ ಹಿಡಿದು ನೋಡಿ ಹೇಳಿದಳು: “ತಾತ, ಇದು ದಡ್ಡ ಕೈ. ಆ ಕೈಗೆ ಎಲ್ಲಾ ಬರ್ತಿತ್ತು.” ನಾನು ಪುಟ ತಿರುಗಿಸಿದೆ. ತಾಯಿ ಚಹಾ ತಂದಿಟ್ಟಳು. ಮೇಷ್ಟ್ರು ಇಷ್ಟು ದೂರ ನಡೆದು ಬರುತ್ತಾರೆಂದು ಅವಳಿಗೆ ಸಂಕೋಚ.

ಈ ಸಂಗತಿಯನ್ನು ನಿನ್ನ ಅಮ್ಮನಿಗೆ ಹೇಳಿದಾಗ ಮೆಚ್ಚುವಳೆಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ನಿಮ್ಮ ಹೆಸರು ಉಳೀಲಿ ಅಂತ ಅವಳು ಬಾಯಿ ಮುಚ್ಕೊಂಡು ಕೆಲಸ ಕಳ್ಕೊಂಡ್ಳು. ನಿಮಗೂ ಬಾಯಿ ಇಲ್ವಾ? ಇಡೀ ಶಾಲೆಗೆ ಕೇಳೋ ಹಾಗೆ ಮಾತಾಡ್ತಿದ್ರಲ್ಲ.”

ಅಂದಿನಿಂದ ನನಗೆ ಊಟವನ್ನು ನಿನ್ನ ಅತ್ತಿಗೆಯೇ ಬಡಿಸುತ್ತಿದ್ದಾಳೆ.

ಆದ್ದರಿಂದ ನನ್ನ ತಿದ್ದುಪಡಿ ಹೀಗಿದೆ. ನಕ್ಷೆಯ ಮೇಲಿನ ಕೆಂಪು ಗುರುತು ಯಾರದೆಂದು ವಿಚಾರಣೆಯಲ್ಲಿ ಮೂರು ಬಾರಿ ಕೇಳಿದರೂ ನೀನು ಉತ್ತರಿಸಲಿಲ್ಲವಂತೆ. ಕರಡಿನಲ್ಲಿಯೂ ‘ಸದರಿ ಗುರುತಿನ ಬಗ್ಗೆ ನಾನು ಹೇಳುವುದೇನೂ ಇಲ್ಲ’ ಎಂದು ಬರೆದಿರುವೆ. ಆ ವಾಕ್ಯವನ್ನು ತೆಗೆದುಹಾಕು. ಅಲ್ಲಿ ಹೀಗೆ ಬರೆ: ‘ಆ ಗುರುತು ನನ್ನ ತಂದೆಯದು. ನನಗೆ ಅನುಮಾನವಿತ್ತು, ಅವರ ಮಾತನ್ನು ನಂಬಿದೆ.’ ಉಳಿದುದೆಲ್ಲ ಸರಿಯಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಾಡಿಗೆಯ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂರಬೇಡ. ದಿನಕ್ಕೊಮ್ಮೆಯಾದರೂ ಹೊರಗೆ ಹೋಗಿ ನಾಲ್ಕು ಜನರ ಮುಖ ನೋಡು. ನಿನ್ನ ಕೈ ಮತ್ತೆ ನಕ್ಷೆಯ ಮೇಲೆ ಆಡಲಿ, ನಿನ್ನ ಪ್ರಶ್ನೆಗಳಿಗೆ ತಿಳಿದವರು ಉತ್ತರ ಕೊಡಲಿ ಎಂದು ಮನಸಾರೆ ಹರಸುತ್ತೇನೆ.

ಇಂತು,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಿನ್ನ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಆ ಕೆಂಪು ಅಕ್ಷರ ನಿನ್ನದೇ ಎಂದು ಯಾರೋ ಗುರುತಿಸಿ ಹೇಳಿದ್ದರಿಂದಲೇ ಕಡತ ಮುಚ್ಚಿತಂತೆ, ಕಾರ್ಖಾನೆಯಲ್ಲಿ ನಿನ್ನ ಕನ್ನಡದ ಬರಹ ಕಂಡವರೇ ಇಲ್ಲ, ಹಾಗಾದರೆ ಹೇಳಿದವರು ಯಾರಿರಬಹುದು ಎಂದು.

ವಿಚಾರಣಾಧಿಕಾರಿ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಮನೆಗೆ ಬಂದಿದ್ದರು. ಅಮ್ಮ, ಅತ್ತಿಗೆ ಮನೆಯಲ್ಲಿರಲಿಲ್ಲ. ದೂರುದಾರನೆಂದು ಮಗುವಿನ ತಂದೆಯೂ ಜೊತೆಗಿದ್ದ. ಕೂರು ಎಂದರೂ ಕೂರಲಿಲ್ಲ, ತರಗತಿಯಲ್ಲಿ ನಿಲ್ಲುತ್ತಿದ್ದಂತೆ ಕೈಕಟ್ಟಿ ನಿಂತಿದ್ದ. ಅಧಿಕಾರಿ ನಕ್ಷೆಯನ್ನು ಬಿಡಿಸಿ, “ಮಗಳ ಅಕ್ಷರ ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ ಮೇಷ್ಟ್ರೇ, ಇದು ಅವರದ್ದೇ ಅಲ್ವಾ?” ಎಂದು ಕೇಳಿದರು. ನಿನ್ನ ಅಕ್ಷರ ನನ್ನದರಂತೆಯೇ ಇದೆ, ಕೈಹಿಡಿದು ತಿದ್ದಿಸಿದ್ದೇನೆ. ನಾನು ಹೌದು ಎಂದೆ. ಸಹಿಯನ್ನೂ ಹಾಕಿದೆ.

ಹೊರಡುವಾಗ ಮಗುವಿನ ತಂದೆ ಬಾಗಿಲಲ್ಲಿ ಹೇಳಿದ: “ನಿಮ್ಮ ಮೇಲೆ ನನಗೇನೂ ಇಲ್ಲ ಸಾರ್. ನೀವು ಕಲಿಸೋದು ಸರಿಯಾಗೇ ಕಲಿಸಿರ್ತೀರಿ. ಅವರು ಕಲೀಲಿಲ್ಲ.” ನಾನು ತಲೆಯಾಡಿಸಿದೆ.

ಹೀಗಾಗಿ ನಾನು ಮೇಲೆ ಬರೆದುಕೊಟ್ಟ ವಾಕ್ಯವನ್ನಷ್ಟೇ ನೀನು ಕಳುಹಿಸಿದರೆ ಮಂಡಳಿಯವರು ನನ್ನ ಸಹಿಯನ್ನು ತೋರಿಸಿ ನಿನ್ನನ್ನು ಸುಳ್ಳುಗಾತಿ ಎನ್ನುತ್ತಾರೆ. ಈ ಪತ್ರವನ್ನೂ ಜೊತೆಗೆ ಲಗತ್ತಿಸು. ನನ್ನ ಕೈಬರಹ, ನನ್ನ ತಪ್ಪೊಪ್ಪಿಗೆ, ಇಷ್ಟು ಸಾಕಾಗುತ್ತದೆ. ಅಧಿಕಾರಿಯ ಕಚೇರಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ಇದೆ. ನಾನೇ ಹೋಗಿ ಹೇಳಬಹುದಾಗಿತ್ತು. ನಾಲ್ಕು ಸಲ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಬಂದೆ. ನೀನು ಈ ಪತ್ರವನ್ನು ಯಾರಿಗೂ ತೋರಿಸುವವಳಲ್ಲವೆಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಇಷ್ಟನ್ನೂ ಬರೆಯಲು ಸಾಧ್ಯವಾಯಿತು.