ಎಲ್ಲರದೂ ಒಂದೇ ಮಾತು

ಮನೆಯ ಹಿಂದಿನ ಕೋಣೆಯಿಂದ,
ಸೋಮವಾರ, ನವೆಂಬರ್ ೧೪

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅಳಿಯಂದಿರ ಕೆಮ್ಮು ನಿಂತಿತೇ? ಅಲ್ಲಿಯ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಚಿಕ್ಕಂದಿನಿಂದಲೂ ನಿನಗೆ ಟೋಪಿ ಕಂಡರಾಗದು. ನಾನು ಹೀಗೇ ಇದ್ದೇನೆ. ಬೀಗ ರಿಪೇರಿಯ ಅಂಗಡಿ ನಡೆಯುತ್ತಿದೆ, ತೆವಳುತ್ತಿದೆ ಎಂದರೂ ಸರಿಯೇ. ಜನಕ್ಕೆ ಈಗ ಕೆಟ್ಟದ್ದನ್ನು ಬಿಸಾಡಿ ಹೊಸದು ತರುವ ಚಪಲ. ಇರಲಿ, ಬರೆಯಬೇಕಾದದ್ದು ನಿನ್ನ ತಮ್ಮನ ವಿಷಯ.

ಅಮ್ಮ ಹೋದ ಮೇಲೆ ನೀನು ಹೊರಡುವಾಗ ಒಂದು ಮಾತು ಹೇಳಿದ್ದೆ: "ಗುಂಡನನ್ನ ನನ್ನ ಕೊರಳಿಗೆ ಕಟ್ಟಬೇಡಪ್ಪ." ಆಗ ನನಗೆ ಮೈಯೆಲ್ಲ ಉರಿದಿತ್ತು. ಈಗ ಉರಿಯುವುದಿಲ್ಲ. ಮೂವತ್ತು ದಾಟಿದರೂ ಗಡಿಯಾರ ನೋಡಲು ಬಾರದ, ಒಂದು ಬೋರ್ಡು ಓದಲಾಗದ ತಮ್ಮನನ್ನು ನೆನೆದರೆ ಯಾರಿಗಾದರೂ ಹೆದರಿಕೆಯೇ. ನನ್ನ ನಂತರ ಇವನಿಗೆ ಯಾರು ಎಂದು ನಾನೂ ತಲೆ ಕೆಡಿಸಿಕೊಂಡವನೇ. ಹೋದ ವರ್ಷ ಬಸ್ಸಿನ ನಂಬರು ಬದಲಾದಾಗ ಅವನು ಎಲ್ಲೋ ಊರಾಚೆ ಇಳಿದುಬಿಟ್ಟ. ಕುಡಿದಿದ್ದಾನೆಂದು ಠಾಣೆಯಲ್ಲಿ ಕೂರಿಸಿದ್ದರು. ನಾನು ಹೋದಾಗ ಒದ್ದೆ ಪ್ಯಾಂಟಿನಲ್ಲಿ ಬೆಂಚಿನ ತುದಿಗೆ ಕೂತು, ಬಂದು ಹೋಗುವವರಿಗೆಲ್ಲ ಸಾರಿ ಹೇಳುತ್ತಿದ್ದ.

ಅದು ಕೇಳಿ ಬೇಕರಿ ಆಂಟಿ ಸುಮ್ಮನೆ ಕೂರಲಿಲ್ಲ. ನಿನಗೆ ಗೊತ್ತಲ್ಲ, ಬಾಯಿ ಜೋರು, ಕರುಳು ಬೆಣ್ಣೆ. ಅಂಗಡಿಯ ಹಿಂದೆ ಮೈದಾ ಮೂಟೆಗಳ ನಡುವೆ ಕುರ್ಚಿ ಹಾಕಿಸಿ ಕ್ಷೌರದಂಗಡಿಯವನು, ಬಸ್ ಡ್ರೈವರು, ಔಷಧಿ ಅಂಗಡಿಯಾಕೆ ಎಲ್ಲರನ್ನೂ ಕರೆದಳು. ಶಾಲೆಯ ಟೀಚರೂ ಬಂದರು. ಅವರ ಮಗಳೂ ನಮ್ಮ ಗುಂಡನಂತೆಯೇ. ಹಾಗೆ ಹುಟ್ಟಿದ್ದು ನಮ್ಮ ಬಳಗ. ಈಗ ಇಂಥ ಮಕ್ಕಳಿರುವ ಎಷ್ಟೋ ಮನೆಗಳು ಸೇರಿವೆ. ಯಾವ ಬೀದಿಗೆ ಹೋದರೂ ಇವರ ಮೇಲೆ ಕಣ್ಣಿಡುವ ಒಬ್ಬರಿದ್ದಾರೆ. ಗುಂಡನಿಗೆ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ, ಬೆಡ್‌ಶೀಟು ಮಡಿಸುತ್ತಾನೆ. ಮಡಿಸಿದ್ದನ್ನು ಯಾರಾದರೂ ಬಿಚ್ಚಿದರೆ ಮಾತ್ರ ರಾಯರಿಗೆ ಮೂಗಿನ ತುದಿಯಲ್ಲಿ ಕೋಪ.

ಬಳಗಕ್ಕೆ ಟೀಚರು ಒಂದು ನಿಯಮ ಮಾಡಿದರು. ಒಬ್ಬೊಬ್ಬರು ಒಂದೊಂದು ಹೇಳಿದರೆ ಈ ಮಕ್ಕಳು ಕಂಗಾಲಾಗುತ್ತಾರೆ, ಆದ್ದರಿಂದ ಒಬ್ಬರು ಹೇಳಿದ್ದನ್ನೇ ಎಲ್ಲರೂ ಹೇಳಬೇಕು. ಮಕ್ಕಳಿಗೂ ಕಲಿಸಿದೆವು: ಎಲ್ಲರೂ ಹೇಳಿದ್ದನ್ನು ನಂಬು, ಒಬ್ಬನೇ ಬಂದು ಬೇರೆ ಹೇಳಿದರೆ ಅವನ ಮಾತು ಕೇಳಬೇಡ. ಅಪರಿಚಿತರಿಂದ ಕಾಪಾಡಲು ಕಲಿಸಿದ್ದು. ಚೆನ್ನಾಗಿಯೇ ನಡೆಯುತ್ತಿತ್ತು.

ಮೊನ್ನೆ ಬೇಸಿಗೆಯಲ್ಲಿ ಗುಂಡ ಕ್ಷೌರಕ್ಕೆ ಕೂತಿದ್ದಾಗ ಅಕ್ಕ ಯಾವಾಗ ಬರ್ತಾಳೆ ಎಂದು ತಲೆ ತಿರುಗಿಸಿ ತಿರುಗಿಸಿ ಕೇಳಿದನಂತೆ. ಕೈಯಲ್ಲಿ ಕತ್ತರಿ, ಎಲ್ಲಿ ಕಿವಿಗೆ ತಗಲುತ್ತದೋ ಎಂದು ಕ್ಷೌರದವನು ಭಾನುವಾರ ಬರ್ತಾಳೆ ಎಂದುಬಿಟ್ಟ. ಗುಂಡ ನೇರವಾಗಿ ಬೇಕರಿಗೆ ಹೋಗಿ ಕೇಳಿದ. ಆಂಟಿ ನಿಯಮ ಮುರಿಯಲಿಲ್ಲ, ಹೌದು ಭಾನುವಾರ ಎಂದಳು. ಡ್ರೈವರೂ ಅದನ್ನೇ ಹೇಳಿದ, ಔಷಧಿ ಅಂಗಡಿಯಾಕೆಯೂ. ಸಂಜೆ ನನ್ನ ಬಳಿ ಬಂದಾಗ ಅವನ ಮುಖ ಎಷ್ಟು ಅರಳಿತ್ತೆಂದರೆ, ನಾನೂ ಹೂಂಗುಟ್ಟಿದೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆಯೇ ಸ್ನಾನ ಮಾಡಿ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾನೆ. ಬಂದ ಬಸ್ಸಿಗೆಲ್ಲ ಹತ್ತಿರ ಹೋಗಿ ಇಳಿಯುವವರ ಮುಖ ನೋಡುತ್ತಾನೆ. ಕತ್ತಲಾದ ಮೇಲೆ ನಾನು ಕರೆತರಬೇಕು. ಅಳುವುದಿಲ್ಲ, ರಂಪ ಮಾಡುವುದಿಲ್ಲ; ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸಿನ ಬಾಗಿಲು ತೆಗೆದಾಗಲೆಲ್ಲ ಆ ಮುಖ ನೋಡಲಾರೆನೆಂದು ಡ್ರೈವರು ಬೇರೆ ರೂಟು ಕೇಳಿ ಹಾಕಿಸಿಕೊಂಡ. ಬಳಗಕ್ಕೂ ಬರುತ್ತಿಲ್ಲ. ಕ್ಷೌರದವನು ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾನೆ.

ನಿನ್ನೆ ಗಟ್ಟಿ ಮನಸ್ಸು ಮಾಡಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಅಕ್ಕ ಬರುವುದಿಲ್ಲವೆಂದು ಹೇಳಿದೆ. ಅವನು ನನ್ನನ್ನೇ ದಿಟ್ಟಿಸಿ ನೋಡಿ ಸ್ವಲ್ಪ ದೂರ ಸರಿದು ಕೂತ.

"ಎಲ್ರೂ ಬರ್ತಾಳೆ ಅಂತಾರೆ. ನೀನೊಬ್ನೇ ಬೇರೆ ಹೇಳ್ತಿದೀಯ," ಎಂದ.

ನನ್ನ ಜೊತೆ ಮನೆಗೂ ಬರಲೊಪ್ಪಲಿಲ್ಲ. ಬೇಕರಿ ಆಂಟಿ ಬಂದು ಕರೆದ ಮೇಲೆಯೇ ಎದ್ದದ್ದು. ಹೆತ್ತ ಅಪ್ಪನನ್ನೇ ನಂಬಬಾರದೆಂದು ನಾವೇ ಕಲಿಸಿದ ಹಾಗಾಯಿತು. ಈಗ ಎಲ್ಲರೂ ಸೇರಿ ಮಾತು ತಿರುಗಿಸಿದರೆ ಅವನು ಇನ್ನು ಯಾರನ್ನೂ ನಂಬುವುದಿಲ್ಲ, ಬಳಗವೇ ಮುಗಿದಂತೆ ಎನ್ನುತ್ತಾರೆ ಟೀಚರು. ಈ ಗಂಟು ಬಿಚ್ಚಲು ನಿನ್ನೊಬ್ಬಳಿಂದಲೇ ಸಾಧ್ಯ. ಅವನನ್ನು ಇಟ್ಟುಕೋ ಎಂದು ಕೇಳುತ್ತಿಲ್ಲ ಮಗಳೇ, ಅದಕ್ಕೆ ಜನರಿದ್ದಾರೆ. ಒಂದೇ ಒಂದು ಭಾನುವಾರ ಬಸ್ಸಿನಿಂದ ಇಳಿ, ಊಟ ಮಾಡು, ಹೊರಡುವಾಗ ಇನ್ನು ಕಾಯಬೇಡ ಎಂದು ನಿನ್ನ ಬಾಯಲ್ಲೇ ಅವನಿಗೆ ಹೇಳು. ಬೈದಾದರೂ ಹೇಳು.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಮೊಮ್ಮಗಳ ಹಣೆಗೆ ಅಜ್ಜನ ಹೆಸರಿನಲ್ಲಿ ಒಂದು ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ ಅಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ನನ್ನ ಹೊಟ್ಟೆಯಲ್ಲಿ ಕೆಟ್ಟ ಗಡ್ಡೆ ಇದೆಯಂತೆ. ಬರುವ ವಾರ ಆಸ್ಪತ್ರೆಗೆ ಸೇರಬೇಕು. ಆಪರೇಷನ್ ಆದರೂ ಹೆಚ್ಚು ದಿನ ಹೇಳಲಾರೆ ಎಂದರು ಡಾಕ್ಟರು. ಬಳಗಕ್ಕೆ ತಿಳಿಸಿದ್ದೇನೆ. ಗುಂಡನ ಊಟ, ಬಟ್ಟೆ, ಮಾತ್ರೆ, ರಾತ್ರಿ ಜೊತೆಗೆ ಮಲಗುವುದು, ಎಲ್ಲಕ್ಕೂ ಒಬ್ಬರಲ್ಲ ಒಬ್ಬರು ಕೈ ಎತ್ತಿದರು. ಅಪ್ಪ ಸತ್ತರೆಂದು ಅವನಿಗೆ ಹೇಳುವವರು ಯಾರು ಎಂದು ಟೀಚರು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ. ನಿನ್ನಿಂದ ಆಗದು ಎಂದಾದರೆ ಬೇಗ ತಿಳಿಸು. ಎಲ್ಲರೂ ಕೂತು ಇನ್ನೊಂದು ಸುಳ್ಳು ಗೊತ್ತುಮಾಡಬೇಕು, ಅದನ್ನು ಮೊದಲು ನಾನೇ ಅವನಿಗೆ ಹೇಳಿ ಹೋಗಬೇಕು.